ತಾರೀಖಿಲ್ಲದ ಅರ್ಜಿ

ರವಿವಾರ, ಜನವರಿ ೧೮. ಬೆಳಿಗ್ಗೆ ೭ ಗಂಟೆ ೨೦ ನಿಮಿಷ. ಅನಗೋಳ.

ನಸೀಮಾ ಟೀಚರ್ ಬರೆದುಕೊಟ್ಟ ರಜೆ ಅರ್ಜಿ ನನ್ನ ಬಳಿ ಇತ್ತು. ಬಂದಿಲ್ಲ ಎಂದು ಹೇಳಿದೆ. ಆ ಒಂದು ಮಾತಿನಿಂದ ಅವರಿಗೆ ಸಿಗಬೇಕಿದ್ದ ಕಾಯಂ ನೌಕರಿ ಸಿಗಲಿಲ್ಲ. ಅರ್ಜಿ ಈಗಲೂ ನನ್ನ ಬಳಿಯೇ ಇದೆ — ಆ ವರ್ಷದ ದಿನಚರಿಯಲ್ಲಿ, ಎರಡು ಪುಟಗಳ ನಡುವೆ, ಮಡಚಿದ ಹಾಗೆಯೇ.

ಇದನ್ನು ಮೊದಲು ಬರೆದುಬಿಟ್ಟೆ. ಉಳಿದದ್ದು ಹೇಗಾಯಿತು ಎಂಬ ವಿವರ. ವಿವರ ಬರೆಯುತ್ತ ಹೋದರೆ ಅದು ನೆಪದ ಹಾಗೆ ಕೇಳಿಸಲು ಶುರುವಾಗುತ್ತದೆ. ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು.

ನಾನು ಖಾನಾಪುರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಗುಮಾಸ್ತೆ. ಮನೆ ಬೆಳಗಾವಿಯಲ್ಲಿ, ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಘಟನೆ ನಡೆದ ವರ್ಷವನ್ನು ಇಲ್ಲಿ ಬರೆಯುವುದಿಲ್ಲ, ವಾರಗಳ ಹೆಸರನ್ನೂ ಬದಲಿಸಿದ್ದೇನೆ, ಜನರ ಹೆಸರನ್ನೂ. ಶಾಲೆ ಯಾವುದೆಂದು ಗೊತ್ತಾಗಿ ಅಲ್ಲಿರುವ ಬೇರೆಯವರಿಗೆ ತೊಂದರೆ ಆಗಬಾರದು. ಈ ಬರಹದಲ್ಲಿರುವ ಸುಳ್ಳು ಇಷ್ಟೇ. ಉಳಿದ ಸುಳ್ಳುಗಳು ಆಗ ಹೇಳಿದವು.

ತಾರೀಖು ಹಾಕಿ ಬರೆದಿಡುವುದು, ಎಣಿಸಿ ಕೂಡಿಸುವುದು — ಇದು ನನಗೆ ಐದನೇ ಇಯತ್ತೆಯಿಂದ ಅಂಟಿಕೊಂಡ ಅಭ್ಯಾಸ. ಬಸ್ಸು ಎಷ್ಟು ನಿಮಿಷ ತಡವಾಯಿತು, ತಿಂಗಳಲ್ಲಿ ಎಷ್ಟು ದಿನ ನಿಂತು ಹೋದೆ, ಮನೆಯಲ್ಲಿ ಎಷ್ಟು ಸಲ ಜೋಳದ ರೊಟ್ಟಿ ಬಿಟ್ಟು ಚಪಾತಿ ಆಯಿತು, ಎಲ್ಲವೂ ನನ್ನ ದಿನಚರಿಯಲ್ಲಿ ಸಿಗುತ್ತದೆ. ನಸೀಮಾ ಟೀಚರ್ ಇದನ್ನು ನೋಡಿ ನಗುತ್ತಿದ್ದರು. ಅವರ ಮನೆ ಖಾಸಬಾಗ. ನಾನು ಟಿಳಕವಾಡಿಯ ಮೂರನೇ ಗೇಟಿನಲ್ಲಿ ಹತ್ತುವ ಹೊತ್ತಿಗೆ ಅವರು ಬಸ್ಸಿನಲ್ಲಿ ಚೀಲ ಇಟ್ಟು ನನಗೊಂದು ಸೀಟು ಹಿಡಿದಿರುತ್ತಿದ್ದರು. ಪಕ್ಕದಲ್ಲಿ ಕುಳಿತು ನಾನು ಪುಸ್ತಕ ತೆಗೆದರೆ, "ಗಿರಿಜಾ, ಈ ಬಸ್ಸಿನಾಗ ಎಷ್ಟ್ ಮಂದಿ ಆಕಳಿಸಿದ್ರು, ಅದನ್ನೂ ಬರ್ಕೋ" ಎನ್ನುತ್ತಿದ್ದರು. ಒಂದು ದಿನ ಖರೇನೇ ಎಣಿಸಿದೆ. ಪೀರನವಾಡಿಯಿಂದ ಖಾನಾಪುರದ ತನಕ, ಹನ್ನೊಂದು.

ಅವರು ಕಲಿಸುತ್ತಿದ್ದದ್ದು ಕನ್ನಡ. ಅವರ ಮನೆಯ ಮಾತು ದಖ್ಖನಿ, ಶಾಲೆಯ ಮುಕ್ಕಾಲು ಮಕ್ಕಳ ಮನೆಯ ಮಾತು ಮರಾಠಿ. ಇಬ್ಬರೂ ಹೊರಗಿನಿಂದ ಬಂದು ಕನ್ನಡದೊಳಗೆ ಭೆಟ್ಟಿಯಾಗುತ್ತೇವೆ, ಅದಕ್ಕೇ ಜಗಳ ಇಲ್ಲ ಎಂದು ಹೇಳುತ್ತಿದ್ದರು. ಆರು ವರ್ಷದಿಂದ ತಾತ್ಕಾಲಿಕ. ಆ ವರ್ಷ ಒಂದು ಜಾಗ ಕಾಯಂ ಆಗುವುದಿತ್ತು. ಪಟ್ಟಿಯಲ್ಲಿ ಇಬ್ಬರಿದ್ದರು, ಅವರು ಮತ್ತು ಅವರಿಗಿಂತ ಎರಡು ವರ್ಷ ತಡವಾಗಿ ಸೇರಿದ ಇನ್ನೊಬ್ಬರು.

ಈಗ ರಜೆಯ ವಿಷಯ.

ವರ್ಷದ ಕೊನೆಗೆ ಮುಂದಿನ ವರ್ಷದ ಸರಕಾರಿ ರಜೆಗಳ ಪಟ್ಟಿ ಬರುತ್ತದೆ. ನನಗೆ ಅದು ಹಬ್ಬವಿದ್ದ ಹಾಗೆ. ಯಾವ ರಜೆ ಯಾವ ವಾರ, ಎಷ್ಟು ರವಿವಾರಕ್ಕೆ ಬಿದ್ದು ಕೈಬಿಟ್ಟು ಹೋದವು, ಎಲ್ಲಿ ಶನಿವಾರ ಸೇರಿ ಎರಡು ದಿನ ಆಗುತ್ತದೆ — ಒಂದು ಸಂಜೆ ಪೂರ್ತಿ ಇದರಲ್ಲೇ ಹೋಗುತ್ತದೆ. ಒಂದೊಂದು ಹಬ್ಬದ ದಿನ ಒಂದೊಂದು ರೀತಿಯಲ್ಲಿ ಗೊತ್ತಾಗುತ್ತದೆ. ಗಾಂಧಿ ಜಯಂತಿಗೆ ತಾರೀಖಿದೆ. ಕ್ರಿಸ್ಮಸ್ಸಿಗೆ ತಾರೀಖಿದೆ. ನಮ್ಮ ಬಸವ ಜಯಂತಿಗೆ ತಿಥಿ. ಅದನ್ನು ಪಂಚಾಂಗದವರು ವರ್ಷ ಮೊದಲೇ ಲೆಕ್ಕ ಹಾಕಿ ಮುಗಿಸಿರುತ್ತಾರೆ. ರಮ್ಜಾನ್ ಮಾತ್ರ ಹಿಂದಿನ ಸಂಜೆಯ ತನಕ ಗಟ್ಟಿಯಾಗುವುದಿಲ್ಲ. ಚಂದ್ರ ಕಣ್ಣಿಗೆ ಬೀಳಬೇಕು, ಕಂಡದ್ದನ್ನು ಹಿರಿಯರು ಒಪ್ಪಿ ಸಾರಬೇಕು. ಪಟ್ಟಿಯಲ್ಲಿ ಅಚ್ಚಾದ ತಾರೀಖು ಒಂದು ಅಂದಾಜು.

"ನಿಮ್ಮ ಹಬ್ಬ ಕ್ಯಾಲೆಂಡರದಾಗ ಇರ್ತಾವು, ನಮ್ಮದು ಮುಗಿಲಾಗ ಇರ್ತದ" ಎಂದು ಟೀಚರ್ ಒಮ್ಮೆ ಹೇಳಿದ್ದರು. ಮೋಡ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಬೇರೆ ಊರಿನ ಸುದ್ದಿ ಕಾಯುವುದು, ಅಲ್ಲಿಯ ತನಕ ಹಾಲು ತಂದು ಇಟ್ಟುಕೊಂಡು ಕೂಡುವುದು ಎಂದರು. ನನಗೆ ಅದು ತಮಾಷೆಯಾಗಿ ಕೇಳಿಸಿತು. ನಮ್ಮ ಮನೆಯಲ್ಲಿ ಯಾರೂ ಹಬ್ಬಕ್ಕಾಗಿ ಮುಗಿಲು ನೋಡಿದವರಲ್ಲ.

ಪಟ್ಟಿಯ ದಿನ ಒಂದು, ಹಬ್ಬ ಇನ್ನೊಂದು ದಿನ ಆದರೆ ಏನು? ಸರಕಾರಿ ನೌಕರರಿಗೆ ದಾರಿ ಇದೆ. ಪಟ್ಟಿಯ ಕೆಳಗೆ, ಸೂಚನೆಗಳಲ್ಲಿ ಬರೆದಿರುತ್ತಾರೆ: ಮುಸ್ಲಿಮರ ಹಬ್ಬ ಆ ದಿನ ಬೀಳದಿದ್ದರೆ, ಅದರ ಬದಲು ಹಬ್ಬದ ದಿನವೇ ಅವರಿಗೆ ರಜೆ ಕೊಡಬಹುದು ಎಂಬ ಅರ್ಥದ ಮಾತು. ನಮ್ಮದು ಖಾಸಗಿ ಶಾಲೆ. ನಮ್ಮಲ್ಲಿ ಅದಕ್ಕೊಂದು ಒಳಪದ್ಧತಿ ಇತ್ತು. ನನಗಿಂತ ಮೊದಲು ಗುಮಾಸ್ತರಾಗಿದ್ದ ಗುರವ ಕಾಕಾ ಮಾಡಿದ್ದು. ರಮ್ಜಾನ್ ಹಬ್ಬದ ಹಿಂದಿನ ವಾರ ಮುಸ್ಲಿಂ ಸಿಬ್ಬಂದಿ ರಜೆ ಅರ್ಜಿಯನ್ನು ಬರೆದು, ಸಹಿ ಮಾಡಿ, ತಾರೀಖಿನ ಜಾಗ ಖಾಲಿ ಬಿಟ್ಟು ಗುಮಾಸ್ತರ ಕೈಗೆ ಕೊಡುವುದು. ಚಂದ್ರ ಪಟ್ಟಿಯ ಪ್ರಕಾರ ಕಂಡರೆ ಅರ್ಜಿ ಹರಿದು ಹಾಕುವುದು. ಕಾಣದಿದ್ದರೆ, ಹಬ್ಬದ ತಾರೀಖನ್ನು ಗುಮಾಸ್ತರು ತುಂಬಿ ಹೆಡ್ ಮಾಸ್ತರ ಮುಂದೆ ಇಡುವುದು. ಹಬ್ಬದ ಬೆಳಿಗ್ಗೆ ಯಾರೂ ಅರ್ಜಿ ಹಿಡಿದು ಬೆಳಗಾವಿಯಿಂದ ಖಾನಾಪುರಕ್ಕೆ ಓಡಬಾರದು, ಅಷ್ಟೇ.

ಕಾಕಾ ನಿವೃತ್ತರಾಗುವ ದಿನ ನನಗೆ ಹೇಳಿದ್ದರು: "ತಾರೀಖಿನ ಜಾಗಾ ಖಾಲಿ ಇಡ್ಬೇಕು ಗಿರಿಜಾಬಾಯಿ. ಚಂದ್ರಗ ನಿನ್ನ ಪೆನ್ನಿನ ಅವಸರ ಇರೂದಿಲ್ಲ."

ಆ ಮಾತನ್ನೂ ತಾರೀಖು ಹಾಕಿ ಬರೆದುಕೊಂಡಿದ್ದೇನೆ. ನಾನು ಗುಮಾಸ್ತೆಯಾದ ಮೊದಲ ವರ್ಷ ಪಟ್ಟಿಗೂ ಚಂದ್ರನಿಗೂ ಹೊಂದಿಕೆಯಾಯಿತು. ಅರ್ಜಿ ಹರಿದು ಹಾಕಿದೆ.

ಎರಡನೇ ವರ್ಷ. ಪಟ್ಟಿಯಲ್ಲಿ ರಮ್ಜಾನ್ ಸೋಮವಾರ. ಗುರುವಾರ ಟೀಚರ್ ಅರ್ಜಿಯನ್ನು, ನಾನು ಊಟಕ್ಕೆ ಹೋಗಿದ್ದಾಗ, ನನ್ನ ಮೇಜಿನ ಮೇಲೆ ಇಟ್ಟು ಹೋದರು. ಶನಿವಾರ ಮಧ್ಯಾಹ್ನ ನಾನು ವಾರದ ಕಾಗದಗಳನ್ನು ಹೊಂದಿಸಿ ಮುಗಿಸುತ್ತೇನೆ — ಬಂದ ಪ್ರತಿ ಕಾಗದಕ್ಕೂ ಆವಕ ಪುಸ್ತಕದಲ್ಲಿ ನಂಬರು, ಮೇಲೆ ಮುದ್ರೆ. ಆ ವರ್ಷ ಅಲ್ಲಿಯ ತನಕ ಆವಕ ಪುಸ್ತಕದಲ್ಲಿ ಒಂದೂ ಕಾಟು, ಒಂದೂ ತಿದ್ದುಪಡಿ ಇರಲಿಲ್ಲ, ಒಂದೂ ಖಾಲಿ ಜಾಗ ಇರಲಿಲ್ಲ. ಈ ಅರ್ಜಿಯೊಂದು ಖಾಲಿ ಜಾಗ ತೋರಿಸುತ್ತ ಮೇಜಿನ ಮೇಲೆ ಉಳಿಯಿತು. ಇದನ್ನು ನಂಬರು ಕೊಡದೆ ಬದಿಗಿಡಬೇಕಿತ್ತು. ನನಗೆ ಗೊತ್ತಿತ್ತು. ನಾನು ಸೋಮವಾರದ ತಾರೀಖು ತುಂಬಿದೆ. ನಂಬರು ಕೊಟ್ಟೆ. ಮುದ್ರೆ ಒತ್ತಿದೆ. ಪುಟ ಸ್ವಚ್ಛವಾಗಿ ಕಂಡಿತು.

ಯಾಕೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಮರೆತು ಮಾಡಿದ್ದಲ್ಲ. ಹೇಗೂ ಸೋಮವಾರವೇ ಆಗುತ್ತದೆ, ಅಚ್ಚಿನಲ್ಲಿದೆಯಲ್ಲ — ಅನ್ನಿಸಿತ್ತು. ಅಚ್ಚಾದದ್ದರ ಮೇಲೆ ನನಗಿದ್ದ ನಂಬಿಕೆ...

ರವಿವಾರ ಸಂಜೆ ಏಳು ಗಂಟೆ ಐವತ್ತು ನಿಮಿಷಕ್ಕೆ ಟೀಚರ್ ಫೋನು ಮಾಡಿದರು. ಚಂದ್ರ ಎಲ್ಲಿಯೂ ಕಂಡಿಲ್ಲ, ಹಬ್ಬ ಮಂಗಳವಾರ ಎಂದರು. "ತಾರೀಖ ಹಾಕ್ತೀ ಹೌದಿಲ್ಲೋ?" ಎಂದು ಕೇಳಿದರು. ಹಾಕ್ತೀನ್ರೀ ಟೀಚರ್ ಎಂದೆ.

ಸೋಮವಾರ ಶಾಲೆಗೆ ರಜೆ, ಪಟ್ಟಿಯ ಪ್ರಕಾರ. ನಾನು ಮನೆಯಲ್ಲಿದ್ದೆ. ಆ ದಿನದ ದಿನಚರಿಯಲ್ಲಿ ಒಂದು ಸಾಲು ಇದೆ, ಅದನ್ನು ಇದ್ದ ಹಾಗೆ ನಕಲು ಮಾಡುತ್ತೇನೆ: "ನಸೀಮಾ ಟೀಚರ್ — ಪಟ್ಟಿಯ ರಜೆ ೧, ಚಂದ್ರನ ರಜೆ ೧, ಒಟ್ಟು ೨. ನಮ್ಮದು ಬಸವ ಜಯಂತಿ ರವಿವಾರ ಬಿದ್ದಿದೆ, ೦."

ಈ ಲೆಕ್ಕ ಬರೆಯುವಾಗ ನನಗೆ ಸಿಟ್ಟಿರಲಿಲ್ಲ. ಸುಮ್ಮನೆ ಕೂಡಿಸಿದೆ. ಆದರೆ ಮಂಗಳವಾರ ನನ್ನ ಬಾಯಿಂದ ಬಂದ ಮಾತಿನ ಕೆಳಗೆ ಈ ಲೆಕ್ಕ ಇತ್ತೋ ಇಲ್ಲವೋ — ಇರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ.

ಮಂಗಳವಾರ ಬಸ್ಸಿನಲ್ಲಿ ನಾನೊಬ್ಬಳೇ. ಕಚೇರಿಗೆ ಹೋದ ಕೂಡಲೇ ಆವಕ ಪುಸ್ತಕದಲ್ಲಿ ಕಾಟು ಹೊಡೆದು, ಅರ್ಜಿಯ ಮೇಲೂ ತಿದ್ದಿ, ಪಕ್ಕಕ್ಕೆ ಸಹಿ ಹಾಕುವುದು ಎಂದು ನಿಶ್ಚಯಿಸಿದ್ದೆ. ಎರಡು ನಿಮಿಷದ ಕೆಲಸ. ಆದರೆ ನಾನು ಒಳಗೆ ಕಾಲಿಡುವ ಮೊದಲೇ ಆಡಳಿತ ಮಂಡಳಿಯ ಕಾರ್ಯದರ್ಶಿ ನನ್ನ ಮೇಜಿನ ಎದುರು ಕುಳಿತು ಹಾಜರಿ ಪುಸ್ತಕ ತೆರೆದಿದ್ದರು. ಕಾಯಂ ಜಾಗಕ್ಕಾಗಿ ಇಬ್ಬರ ದಾಖಲೆ ನೋಡಲು ಬಂದಿದ್ದರು. ಹೆಡ್ ಮಾಸ್ತರು ಆ ವರ್ಷ ಹೊಸಬರು. ಕಾಕಾನ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ಕಾರ್ಯದರ್ಶಿ ಅದಾಗಲೇ ಆವಕ ಪುಸ್ತಕವನ್ನೂ ತಿರುವಿ, ಇಷ್ಟು ಚೊಕ್ಕ ಪುಸ್ತಕ ಈ ಶಾಲೆಯಲ್ಲಿ ನೋಡಿಲ್ಲ ಎಂದು ಹೆಡ್ ಮಾಸ್ತರ ಮುಂದೆ ಹೊಗಳಿ ಮುಗಿಸಿದ್ದರು. ಆಮೇಲೆ ಟೀಚರ್ ಹೆಸರಿನ ಮುಂದೆ ಬೆರಳು ಇಟ್ಟರು.

"ಇವತ್ತ ಇವ್ರು ಎಲ್ಲಿ? ಅರ್ಜಿ ಬಂದೈತೇನು?"

"ಇವತ್ತಿನ ತಾರೀಖಿಂದು ಯಾವ್ದೂ ಬಂದಿಲ್ರೀ ಸರ್."

ಈ ಮಾತನ್ನು ನೋಡಿರಿ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇವತ್ತಿನ ತಾರೀಖಿನ ಅರ್ಜಿ ಇರಲಿಲ್ಲ; ನಿನ್ನೆಯ ತಾರೀಖಿನದು ಇತ್ತು, ಆ ತಾರೀಖು ಹಾಕಿದವಳು ನಾನು. ಅಷ್ಟು ಬೇಗ, ಅಷ್ಟು ಸರಿಯಾಗಿ ಆ ವಾಕ್ಯ ಎಲ್ಲಿಂದ ಬಂತು? ನಾನು ಅದನ್ನು ಬಸ್ಸಿನಲ್ಲೇ ಎಲ್ಲಿಯೋ ಸಿದ್ಧ ಮಾಡಿಕೊಂಡಿದ್ದೆನೇ —

ಪಟ್ಟಿಯಲ್ಲಿ ರಮ್ಜಾನ್ ನಿನ್ನೆ ಆಯಿತಲ್ಲ ಎಂದು ಅವರು ಗೋಡೆಯ ಮೇಲೆ ಪಟ್ಟಿ ಹಾಕಿದ್ದ ಚೌಕಟ್ಟಿನ ಕಡೆ ನೋಡಿದರು. ಅಲ್ಲಿ ಸೋಮವಾರ ಎಂದೇ ಇತ್ತು. ಕೆಳಗಿನ ಸೂಚನೆಗಳು ಇರಲಿಲ್ಲ. ಚೌಕಟ್ಟು ಸಣ್ಣದಿತ್ತೆಂದು ಜನವರಿಯಲ್ಲಿ ಪಟ್ಟಿಯ ಕೆಳಭಾಗವನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ಕೂಡಿಸಿದವಳು ನಾನೇ. ಅವರು ಟೀಚರ್ ಹೆಸರಿನ ಮುಂದೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದರು. ಅನುಮತಿ ಇಲ್ಲದ ಗೈರು, ಒಂದು ದಿನ. ಅವರು ಹೋದ ಮೇಲೆ ಫೈಲಿನಿಂದ ಅರ್ಜಿ ತೆಗೆದು ನನ್ನ ದಿನಚರಿಯೊಳಗೆ ಇಟ್ಟೆ. ಆವಕ ಪುಸ್ತಕದಲ್ಲಿ ಅದರ ನಂಬರು ಉಳಿಯಿತು, ಅದನ್ನು ಯಾರೂ ಹುಡುಕಲಿಲ್ಲ.

ಬುಧವಾರ ಟೀಚರ್ ಸ್ಟೀಲಿನ ಡಬ್ಬಿಯಲ್ಲಿ ಸುರಕುಂಬಾ ತಂದರು. ಶಾವಿಗೆ, ಹಾಲು, ಖಾರೀಕು ಎಂಬ ಒಣ ಖರ್ಜೂರ ಹಾಕಿದ್ದು. ನನಗೆ ಸೇರುತ್ತದೆಂದು ಹಿಂದಿನ ವರ್ಷದ ಹಾಗೆಯೇ ಬೇರೆ ಡಬ್ಬಿ. ಹಾಜರಿ ಹಾಕಲು ಹೋಗಿ ಕೆಂಪು ಸುತ್ತು ಕಂಡು ನನ್ನ ಬಳಿ ಬಂದರು. ಅರ್ಜಿ ಎಲ್ಲಿ ಎಂದು ಕೇಳಿದರು. ಸಿಗಲಿಲ್ರೀ, ಮೇಜಿನ ಮ್ಯಾಲೆ ಇರ್ತದ ಅಂತ ತಿಳಿದು ಫೋನಿನಾಗ ಹೂಂ ಅಂದಿದ್ದೆ ಎಂದೆ. ಇದು ಪೂರ್ತಿ ಸುಳ್ಳು, ಇದರಲ್ಲಿ ಅರ್ಧ ನಿಜವೂ ಇಲ್ಲ. ಇಡುವುದನ್ನೇ ಮರೆತೆನೇನೋ ಎಂದು ಅವರು ತಮ್ಮ ಚೀಲವನ್ನು ನನ್ನ ಮೇಜಿನ ಮೇಲೆ ಸುರುವಿ ಹುಡುಕಿದರು. ಬಸ್ ಪಾಸು, ಸೀಮೆಸುಣ್ಣದ ತುಂಡು, ಮಕ್ಕಳ ಕಾಪಿ ಪುಸ್ತಕ. ನನ್ನ ದಿನಚರಿ ಅಲ್ಲೇ, ಅವರ ಮೊಣಕೈ ಪಕ್ಕದಲ್ಲಿತ್ತು.

ಸುರಕುಂಬಾ ತಿಂದೆ. ಡಬ್ಬಿ ತೊಳೆದು ಗುರುವಾರ ಮರಳಿಸಿದೆ ಎಂದು ದಿನಚರಿ ಹೇಳುತ್ತದೆ.

ತಿಂಗಳೊಳಗೆ ಮಂಡಳಿಯ ಸಭೆಯಾಯಿತು. ಇಬ್ಬರೂ ಸಮ, ಒಬ್ಬರ ದಾಖಲೆಯಲ್ಲಿ ಮಾತ್ರ ಗೈರು ಇದೆ ಎಂದು ನಡಾವಳಿಯಲ್ಲಿ ಬರೆದರು. ಆ ನಡಾವಳಿಯನ್ನು ಟೈಪು ಮಾಡಿದ್ದು ನಾನು. ಮೇ ತಿಂಗಳಲ್ಲಿ ಟೀಚರ್ ಶಾಲೆ ಬಿಟ್ಟರು. ಆರು ವರ್ಷ ಕಾದದ್ದಾಯಿತು, ಇನ್ನೂ ಆರು ವರ್ಷ ತಾತ್ಕಾಲಿಕವಾಗಿ ನಿಲ್ಲಲು ಆಗುವುದಿಲ್ಲ ಎಂದು ಹೆಡ್ ಮಾಸ್ತರಿಗೆ ಹೇಳಿದರಂತೆ. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿದರು. ಬಸ್ಸಿನಲ್ಲಿ ನನಗೆ ಸೀಟು ಹಿಡಿಯುವವರು ಇಲ್ಲವಾದರು. ಆ ಜೂನ್ ತಿಂಗಳಲ್ಲಿ ಹದಿನಾಲ್ಕು ದಿನ ನಿಂತು ಹೋಗಿದ್ದೇನೆ.

ಅದೇ ಜೂನಿನಲ್ಲಿ ಇನ್ನೊಂದು ಗೊತ್ತಾಯಿತು. ಶಾಲೆಯ ಸಿಪಾಯಿ ಮಾರುತಿ ಒಂದು ಕೀಲಿ ಪುಸ್ತಕ ಇಟ್ಟಿರುತ್ತಾನೆ. ರಜೆಯ ದಿನ ಯಾರಾದರೂ ಕೋಣೆ ತೆರೆಸಿದರೆ ಅದರಲ್ಲಿ ವೇಳೆ ಬರೆದು ಸಹಿ ಮಾಡಬೇಕು. ಹೊಸ ವರ್ಷಕ್ಕೆ ಪುಸ್ತಕ ಬದಲಿಸುವಾಗ ಹಳೆಯದನ್ನು ತಿರುವಿದೆ. ಆ ಸೋಮವಾರದ ಪುಟದಲ್ಲಿ: ಶಿಕ್ಷಕರ ಕೋಣೆ, ಹತ್ತು ಗಂಟೆ ಐದು ನಿಮಿಷದಿಂದ ಮೂರು ಗಂಟೆ ನಲವತ್ತರವರೆಗೆ. ಕೆಳಗೆ ನಸೀಮಾ ಟೀಚರ್ ಸಹಿ.

ಮಾರುತಿಯನ್ನು ಕೇಳಿದೆ. ಅವನಿಗೆ ನಾನು ಕೇಳಿದ್ದೇ ಆಶ್ಚರ್ಯ. "ಚಂದ್ರ ಮುಂದ ಹೋದ್ರ ಅವ್ರು ಪಟ್ಟಿ ದಿನಾ ಬಂದು ಕೆಲಸ ಮಾಡತಾರಲ್ರೀ. ಎರಡೆರಡು ಸೂಟಿ ತಗೋಬಾರ್ದು ಅಂತ. ಕಾಕಾನ ಕಾಲದಿಂದ ಹಂಗ ಐತಿ." ಅವತ್ತು ಮೂರು ತರಗತಿಯ ಉತ್ತರ ಪತ್ರಿಕೆ ನೋಡಿದರು, ರೋಜಾ ಇತ್ತು, ನೀರೂ ಕುಡಿಯಲಿಲ್ಲ ಎಂದ.

ಪದ್ಧತಿಯ ಅರ್ಧ ಮಾತ್ರ ನನಗೆ ಗೊತ್ತಿತ್ತು. ಉಳಿದರ್ಧ ಕಾಕಾ ಹೇಳದೆ ಹೋದರೋ, ಹೇಳಿದ್ದನ್ನು ನಾನು ಬರೆದುಕೊಳ್ಳಲಿಲ್ಲವೋ. ಒಟ್ಟು ೨ ಎಂದು ನಾನು ದಿನಚರಿಯಲ್ಲಿ ಕೂಡಿಸುತ್ತಿದ್ದ ಹೊತ್ತಿಗೆ ಅವರು ಮೂವತ್ತನೇ ಉಪವಾಸದಲ್ಲಿ, ಬೀಗ ಹಾಕಿದ ಶಾಲೆಯಲ್ಲಿ ಒಬ್ಬರೇ ಕುಳಿತು ಆ ೨ನ್ನು ೧ ಮಾಡುತ್ತಿದ್ದರು. ನನ್ನ ಜೀವನದಲ್ಲಿ ನಾನು ಹಾಕಿದ ಲೆಕ್ಕಗಳಲ್ಲಿ ತಪ್ಪಾದದ್ದು ಕಡಿಮೆ. ಇದು ತಪ್ಪಾಯಿತು.

ಆಗಲಾದರೂ ಹೇಳಬಹುದಿತ್ತು. ಜೂನ್ ಇತ್ತು, ಆದೇಶವಾಗಿ ಎರಡೇ ತಿಂಗಳು. ಹೇಳಲಿಲ್ಲ. ಇದಕ್ಕೆ ಕಾರಣ ಬರೆಯಲು ಹೋದಾಗಲೇ ಹಿಂದಿನ ಮೂರು ಸಲವೂ ಹಾಳೆ ಹರಿದದ್ದು. ಆದ್ದರಿಂದ ಬರೆಯುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಟೀಚರ್ ಶಾಲೆಗೆ ಬಂದರು. ಬೇರೊಂದು ಶಾಲೆಗೆ ಅರ್ಜಿ ಹಾಕಲು ಅನುಭವದ ಪ್ರಮಾಣಪತ್ರ ಬೇಕಿತ್ತು. ನಮ್ಮಲ್ಲಿ ಅದಕ್ಕೊಂದು ಅಚ್ಚಿನ ನಮೂನೆ ಇದೆ. ಅದರಲ್ಲಿ "ಅನುಮತಿ ಇಲ್ಲದ ಗೈರು" ಎಂಬ ಒಂದು ಸಾಲು ಇದೆ. ಅದರ ಮುಂದೆ ನಾನೇ, ನನ್ನದೇ ದುಂಡು ಅಕ್ಷರದಲ್ಲಿ, "ಒಂದು ದಿನ" ಎಂದು ತುಂಬಿದೆ. ಅವರು ಓದಿ ಮಡಚಿಕೊಂಡರು. ನನ್ನ ಮುಖ ನೋಡಿ ಏನು ತಿಳಿದರೋ. "ಹೋಗ್ಲಿ ಬಿಡು ಗಿರಿಜಾ, ನೀ ಏನ್ ಮಾಡ್ತೀ. ನಾನ ಎಲ್ಲೋ ಬೀಳಿಸಿದೆ ಅದನ್ನ" ಎಂದರು.

ನನ್ನನ್ನು ಸಮಾಧಾನ ಮಾಡಿ ಹೋದರು.

ಈ ಜನವರಿಯಲ್ಲಿ ಹೊಸ ಪಟ್ಟಿ ಚೌಕಟ್ಟಿಗೆ ಹಾಕುವಾಗ ಕತ್ತರಿ ಕೈಗೆ ತೆಗೆದುಕೊಂಡೆ. ಕತ್ತರಿಸಲಿಲ್ಲ. ಸೂಚನೆಗಳನ್ನು ಚೌಕಟ್ಟಿನ ಹೊರಗೆ, ಪಿನ್ನು ಚುಚ್ಚಿ ತೂಗಬಿಟ್ಟಿದ್ದೇನೆ. ನೋಡಲು ಚೆನ್ನಾಗಿಲ್ಲ.

ನಿನ್ನೆ, ಶನಿವಾರ, ಸಂಜೆ ಐದೂ ಕಾಲಿಗೆ ಖಾಸಬಾಗಕ್ಕೆ ಹೋದೆ. ಟೀಚರ್ ಮನೆಯಲ್ಲಿ ಏಳು ಮಕ್ಕಳು ಪಾಠಕ್ಕೆ ಕುಳಿತಿದ್ದರು. ಅವರನ್ನು ಬೇಗ ಬಿಟ್ಟರು. ಕುಂದ್ರು, ಚಹಾ ಇಡ್ತೀನಿ ಎಂದರು. ಚಹಾ ಆಮೇಲ್ರೀ ಎಂದು ಹೇಳಿ, ಮೇಲೆ ಬರೆದಷ್ಟನ್ನೂ ಹೇಳಿದೆ. ದಿನಚರಿಯ ಆ ಸಾಲನ್ನೂ ಓದಿದೆ. ಒಟ್ಟು ೨ ಎಂಬುದನ್ನೂ.

ಅವರು ಮಕ್ಕಳು ಬಿಟ್ಟುಹೋದ ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿದರು. ಎಷ್ಟು ಎಂದು ನಾನು ಎಣಿಸಲಿಲ್ಲ. ಸೋಮವಾರ ಕೆಲಸ ಮಾಡಿದ್ದನ್ನು ಕಾರ್ಯದರ್ಶಿಗೆ ಹೇಳಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಹೇಳಿದ್ದೆ, ಸೂಟಿ ದಿನ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ ಅಂದರು ಎಂದಷ್ಟೇ ಹೇಳಿದರು. ಆಮೇಲೆ ಕೇಳಿದರು:

"ಆ ಚೀಟಿ ಐತೇನು ಇನ್ನೂ?"

ಕೊಟ್ಟೆ. ಬಿಡಿಸಿ ನೋಡಿದರು. ತಮ್ಮ ಸಹಿ, ಅದರ ಮೇಲೆ ನನ್ನ ಅಕ್ಷರದ ತಾರೀಖು, ಮುದ್ರೆ, ನಂಬರು.

"ಇಷ್ಟ್ ವರ್ಷ ನನ್ನನ್ನ ನಾನ ಬೈಕೊಂಡೀನಿ. ಎಲ್ಲಿ ಇಟ್ಟೆ, ಎಲ್ಲಿ ಬೀಳಿಸಿದೆ ಅಂತ. ಈ ಚೀಲದ ಅಸ್ತರ ಸೈತ ಹರದು ನೋಡೀನಿ."

ಅವರು ಚೀಟಿಯನ್ನು ಮತ್ತೆ ಅದೇ ಮಡಿಕೆಯ ಗುಂಟ ಮಡಚಿ ನನ್ನ ಕೈಗಿಟ್ಟರು.

"ನನಗ ಯಾಕ ಕೊಡ್ತೀ? ನನಗ ಗೊತ್ತೈತಿ ನಾ ಬರ್ದಿದ್ದೆ ಅಂತ. ಅವ್ರಿಗೆ ಕೊಡು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಚಹಾ ಆಗಲಿಲ್ಲ. ಬಾಗಿಲ ತನಕ ಬಂದರು.

ಹೊಸ ಶಾಲೆಗೆ ಪ್ರಮಾಣಪತ್ರ ಒಪ್ಪಿಸಲು ಅವರಿಗೆ ಜನವರಿ ಮೂವತ್ತೊಂದು ಕೊನೆಯ ದಿನ. ಇವತ್ತು ಬಿಟ್ಟು ಹದಿಮೂರು ದಿನ. ನನ್ನ ಹೇಳಿಕೆಯನ್ನು ಎರಡು ಪ್ರತಿ ಬರೆದಿದ್ದೇನೆ, ಒಂದು ಹೆಡ್ ಮಾಸ್ತರಿಗೆ, ಒಂದು ಕಾರ್ಯದರ್ಶಿಗೆ. ಕೊಡುವಾಗ ಅರ್ಜಿಯ ಮೂಲ ಮತ್ತು ಕೀಲಿ ಪುಸ್ತಕದ ಪುಟದ ಜೆರಾಕ್ಸ್ ಜೋಡಿಸುತ್ತೇನೆ. ಹೋದ ಜಾಗ ಅವರಿಗೆ ಮರಳಿ ಬರುವುದಿಲ್ಲ. ಅಲ್ಲಿ ಈಗ ಬೇರೊಬ್ಬರು ಇದ್ದಾರೆ, ಅವರ ತಪ್ಪೇನೂ ಇಲ್ಲ. ಪ್ರಮಾಣಪತ್ರದ ಆ ಒಂದು ಸಾಲು ಬದಲಾಗಬಹುದು. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಅಂದಾಜು ಹಾಕಲು ಹೋಗಿಲ್ಲ. ನಾಳೆ ಸೋಮವಾರ. ಪಟ್ಟಿಯಲ್ಲಿ ರಜೆ ಇಲ್ಲ.

ಒಂದು ನನಗೆ ತಿಳಿಯದು. ವರ್ಷ ಮುಗಿದು, ಸಹಿಯಾಗಿ ಮುಚ್ಚಿದ ಹಾಜರಿ ಪುಸ್ತಕದಲ್ಲಿ ಒಂದು ದಿನವನ್ನು ತಿದ್ದುವ ಕ್ರಮ ಯಾವುದು, ಯಾರ ಸಹಿ ಬೇಕು, ಹಳೆಯ ಕೆಂಪು ಸುತ್ತನ್ನು ಹಾಗೇ ಬಿಟ್ಟು ಪಕ್ಕಕ್ಕೆ ಬರೆಯಬೇಕೋ — ಶಾಲೆಗಳಲ್ಲಿ ಕೆಲಸ ಮಾಡಿದವರು, ಇಂಥದ್ದನ್ನು ಎಂದಾದರೂ ತಿದ್ದಿಸಿದವರು ಇದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ಚಂದ್ರ ಮುಂದೆ ಹೋದ ದಿನವನ್ನು ನಿಮ್ಮಲ್ಲಿ ಹೇಗೆ ನಿಭಾಯಿಸುತ್ತಾರೆ ಎಂಬುದನ್ನೂ. ಪತ್ರದಲ್ಲಿ ತಾರೀಖಿನ ಜಾಗ ಖಾಲಿ ಬಿಟ್ಟಿದ್ದರೂ ನಡೆಯುತ್ತದೆ. ನಾನು ತುಂಬುವುದಿಲ್ಲ.